ಹಳ್ಳದ ಬ್ರಿಜ್ಜಿನ ಮೇಲೆ ಹೆಣ್ಣು ನೋಡಿದ್ದು

ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅಕ್ಕನ ಮಗಳು ಸವಿತಾ ಬಂದು ಗ್ಯಾಸ್ ಬಂದ್ ಮಾಡಿದಳು.

"ಚಿಗವ್ವ, ಈ ಸಲ ನಾ ಚಾಪಿ ಮ್ಯಾಲೆ ಕುಂಡ್ರಂಗಿಲ್ಲ. ಅವರಿಗೆ ಹಳ್ಳದ ಬ್ರಿಜ್ಜಿಗೇ ಬರ್ರಿ ಅಂತ ಹೇಳು."

ಯಂಕಂಚಿಯಿಂದ ಅವಳನ್ನು ನೋಡಲು ಬರುವವರಿದ್ದರು. ಹಿಂದೆ ಬಂದವರೆಲ್ಲ ನಡೆದು ತೋರಿಸು, ಓದಿ ತೋರಿಸು ಅಂದು, ಉಪ್ಪಿಟ್ಟು ತಿಂದು, ಸುಮ್ಮನಾಗಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಓದಿ ತೋರಿಸು ಅಂದರೆ ಸಿಟ್ಟು ಬಾರದೇ? ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಬರುವುದಿಲ್ಲ ಅಂದುಬಿಟ್ಟಿದ್ದಳು. ಅಕ್ಕನಿಗೆ ಅದೇ ಚಿಂತೆ. (ಜೊತೆಗೆ ಇನ್ನೊಂದು: "ಬ್ರಿಜ್ಜಿನ ಮ್ಯಾಲೆ ಏನ ಹಾಸೂದು?")

ನಮ್ಮ ಮುದ್ದೇಬಿಹಾಳದ ಹಳ್ಳದ ದಂಡೆಯನ್ನು ನೀವು ಈಗ ನೋಡಬೇಕು. ಎಲೆಗೊಬ್ಬರಕ್ಕೆಂದು ನೆಟ್ಟ ಗೊಬ್ಬರದ ಗಿಡಗಳು ಎಲೆ ಉದುರಿಸಿ, ಮೈತುಂಬ ತಿಳಿಗುಲಾಬಿ ಹೂ ಬಿಟ್ಟಿವೆ. ಕಾಲೇಜು ಹುಡುಗರು 'ಚೆರ್ರಿ ಬ್ಲಾಸಮ್' ಎಂದು ರೀಲ್ಸ್ ಮಾಡುತ್ತಾರೆ. (ಜಪಾನ್ ನೋಡಿದವರು ನಮ್ಮಲ್ಲಿಲ್ಲ, ಹಾಗಾಗಿ ತಕರಾರೂ ಇಲ್ಲ.)

ಫೋನ್ ಮಾಡಿದರೆ ಯಂಕಂಚಿಯವರು ಒಪ್ಪಿಯೇಬಿಟ್ಟರು. ಬ್ರಿಜ್ಜು ನಡೆಯಲಿಕ್ಕಷ್ಟೇ ಮಾಡಿದ್ದು, ಬಲು ಇಕ್ಕಟ್ಟು. ಎದುರುಬದುರು ನಿಂತರೆ ಹೋಗಿಬರುವವರು "ದಾರಿ ಬಿಡ್ರಿ" ಎನ್ನುತ್ತಾರೆ. ಹೀಗಾಗಿ ಹುಡುಗ, ಅವನ ತಾಯಿ, ಸವಿತಾ, ಅಕ್ಕ, ನಾನು ಎಲ್ಲರೂ ಕಂಬಿ ಹಿಡಿದು ಸಾಲಾಗಿ ಹೂವಿನ ಕಡೆ ಮುಖ ಮಾಡಿ ನಿಂತೆವು. ಮುಖ ಕಾಣದೆ ಪರೀಕ್ಷೆ ಮಾಡುವುದು ಎಷ್ಟು ಕಷ್ಟ ಗೊತ್ತೇ?

ಹುಡುಗನ ತಾಯಿ ಪ್ರಯತ್ನವನ್ನಂತೂ ಮಾಡಿದರು. "ರೊಟ್ಟಿ ಬಡೀತಿಯೇನವ್ವಾ?"

"ಬಡೀತೇನ್ರಿ. ನಿಮ್ಮ ಮಗಾ?"

ಅಕ್ಕ ನನ್ನ ಕೈ ಚಿವುಟಿದಳು. (ನಾನೇನು ಮಾಡಿದ್ದೆ?)

ಹುಡುಗ ಹೂವು ನೋಡುತ್ತಲೇ ಹೇಳಿದ, "ಬಡೀತೇನ್ರಿ. ದುಂಡಗ ಬರಂಗಿಲ್ಲ."

"ಸುಳ್ಳವ್ವಾ. ಹಂಚಿನ ಮ್ಯಾಲೆ ಹಾಕೂದ್ರಾಗ ಹರದಿರ್ತಾನ," ಅಂದರು ತಾಯಿ, ತಾವೇ ನಗುತ್ತ.

ಆಮೇಲೆ ಹುಡುಗ, ಹುಡುಗಿ ಮಾತಾಡುತ್ತ ಬ್ರಿಜ್ಜಿನ ಆ ತುದಿಗೆ ಹೋದರು. ನಾವು ಉಪ್ಪಿಟ್ಟಿನ ಡಬ್ಬಿ ಬಿಚ್ಚಿದೆವು. ಅಕ್ಕ ಆ ತುದಿಯನ್ನೇ ನೋಡುತ್ತಿದ್ದಳು.

ಅವರು ತಿರುಗಿ ಬಂದಾಗ ಹುಡುಗನ ತಾಯಿ ಸವಿತಾಳನ್ನೇ ಕೇಳಿದರು, "ಹೆಂಗ ಅನಿಸಿದ ನಮ್ಮ ಹುಡುಗ?"

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನಗಂತೂ ಕೇಳಿಲ್ಲ.

ಸವಿತಾ ಸಾವಕಾಶ ಹೇಳಿದಳು, "ಚಲೋ ಅದಾರ್ರಿ. ಆದ್ರ ಇನ್ನೊಂದ್ ಸಲ ನೋಡಬೇಕ್ರಿ."

ಅಕ್ಕ ಕಂಬಿ ಗಟ್ಟಿ ಹಿಡಿದಳು. ಆ ತಾಯಿ ಮಗನ ಮುಖ ನೋಡಿದರು. ಅವನು ನಗುತ್ತಿದ್ದ.

"ಆತು, ಐತವಾರ ಬರ್ತೇವಿ ಬಿಡ್ರಿ," ಅಂದರು.

ಈ ಸಲ ಅವರು ಬರುತ್ತಿರುವುದು ಹುಡುಗನನ್ನು ತೋರಿಸಲು.