ಮೇಲಿನ ಬೀದಿಗೆ ಎರಡು ಕೊಡ ನೀರು

ಮೈಸೂರಿನ ಕುಂಬಾರಕೊಪ್ಪಲಿನ ಮೇಲಿನ ಬೀದಿಯಲ್ಲಿ ನಾಯಿಗಳು ಕೂಡ ಇನ್ನೂ ಮೈಮುರಿದು ಎದ್ದಿಲ್ಲ. ಬೀದಿ ದೀಪದ ಕೆಳಗೆ ಒಬ್ಬರು ಕುಕ್ಕರಗಾಲಲ್ಲಿ ಕುಳಿತು ರಸ್ತೆಯ ಅಂಚಿನ ಕಬ್ಬಿಣದ ಮುಚ್ಚಳವನ್ನು ಸರಿಸುತ್ತಿದ್ದಾರೆ. ತಲೆಗೆ ಮಫ್ಲರ್, ಮೈಮೇಲೆ ಬಣ್ಣ ಬಿಟ್ಟ ಖಾಕಿ ಅಂಗಿ, ಪಕ್ಕದಲ್ಲಿ ಎದೆಯೆತ್ತರದ ಕಬ್ಬಿಣದ ಕೀಲಿ. ಆ ಕೀಲಿಯನ್ನು ಗುಂಡಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ತಿರುಗಿಸುತ್ತಾರೆ. ನಾಲ್ಕು ಸುತ್ತು ಆದ ಮೇಲೆ ಅದರ ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾರೆ.

“ಬಂತು,” ಎನ್ನುತ್ತಾರೆ, ತಮಗೆ ತಾವೇ ಹೇಳಿಕೊಂಡಂತೆ. “ಮೊದ್ಲು ಗಾಳಿ ಬತ್ತದೆ, ಬುಸ್ ಅಂತ. ಆಮ್ಯಾಕೆ ನೀರು. ಆ ಸದ್ದು ಕೇಳ್ಬುಟ್ರೆ ನಂಗೆ ಬಿಸಿ ಕಾಫಿ ಕುಡ್ದಂಗೆ ಕಣ್ರೀ.”

ಇವರು ಸಣ್ಣಮಾದಯ್ಯ. ಕಚೇರಿಯ ಭಾಷೆಯಲ್ಲಿ ವಾಲ್ವ್‌ಮನ್, ಬೀದಿಯವರ ಬಾಯಲ್ಲಿ ನೀರು ಬಿಡೋನು. ದಿಣ್ಣೆಯ ಮೇಲಿನ ಟ್ಯಾಂಕಿನಿಂದ ಯಾವ ಬೀದಿಗೆ ಎಷ್ಟು ಹೊತ್ತು ನೀರು ಹೋಗಬೇಕು ಎಂಬುದು ಇವರ ಕೈಯಲ್ಲಿದೆ. ಕೀಲಿಯನ್ನು ಹೆಗಲಿಗೇರಿಸಿ ಮುಂದಿನ ಬೀದಿಗೆ ಹೊರಟರೆ ಹಿಂದೆ ಒಂದೊಂದೇ ನಲ್ಲಿ ಸೀನುತ್ತದೆ, ಬಿಂದಿಗೆಗಳು ಸದ್ದು ಮಾಡುತ್ತವೆ, ಅಂಗಳಕ್ಕೆ ನೀರು ಚೆಲ್ಲುತ್ತದೆ. ಒದ್ದೆ ಮಣ್ಣಿನ ವಾಸನೆ, ಡಿಕಾಕ್ಷನ್ ಇಳಿಯುವ ವಾಸನೆ, ಬಚ್ಚಲ ಒಲೆಗೆ ಹಾಕಿದ ತೆಂಗಿನ ಚಿಪ್ಪಿನ ಹೊಗೆ. ಸಣ್ಣಮಾದಯ್ಯ ಮೂಗರಳಿಸಿ ನಿಧಾನವಾಗಿ ನಡೆಯುತ್ತಾರೆ. ಯಾವ ಮನೆಯಲ್ಲಿ ಕಾಫಿಪುಡಿ ಬದಲಾಯಿತು, ಯಾವ ಮನೆಗೆ ನೆಂಟರು ಬಂದರು ಎಂಬುದು ಇವರಿಗೆ ಬೀದಿಯಲ್ಲಿ ನಿಂತೇ ತಿಳಿಯುತ್ತದೆ. ಬಾಗಿಲುಗಳ ಒಳಗಿನದು ಮಾತ್ರ ಇವರಿಗೆ ಗೊತ್ತಿಲ್ಲ.

ಮೈಸೂರಿನವರಿಗೆ ತಮ್ಮೂರ ನೀರಿನ ಮೇಲಿರುವ ಜಂಬ ಅಷ್ಟಿಷ್ಟಲ್ಲ. ಬೇರೆ ಊರಿಗೆ ಮದುವೆಗೆಂದು ಹೋದವರು ಮಾರನೆಯ ದಿನವೇ “ಆ ನೀರಲ್ಲಿ ಕಾಫಿ ಕಾಫಿಯಾಗಲ್ಲ ಕಣ್ರೀ” ಎಂದು ಮುಖ ಕಿವುಚಿಕೊಂಡು ವಾಪಸು ಬರುತ್ತಾರೆ. ದಾರಿ ಕೇಳಿದರೆ ಎಂದೋ ಮುಚ್ಚಿಹೋದ ಟಾಕೀಸಿನ ಗುರುತು ಹೇಳುವ, ಎರಡು ಮೈಲಿಯನ್ನು “ಇಲ್ಲೇ ಪಕ್ಕದಲ್ಲಿ” ಎನ್ನುವ, ಮಧ್ಯಾಹ್ನದ ಊಟವಾದೊಡನೆ ಅಂಗಡಿಯ ಬಾಗಿಲೆಳೆದು ನಿದ್ದೆ ತೆಗೆಯುವ ಸಾವಧಾನದ ಜನ ಇವರು. ನಲ್ಲಿ ಹತ್ತು ನಿಮಿಷ ತಡವಾಗಲಿ, ಆ ಸಾವಧಾನವೆಲ್ಲ ಎಲ್ಲಿ ಹೋಗುತ್ತದೋ. ಆಗ ಇಡೀ ಬೀದಿಗೆ ಸಣ್ಣಮಾದಯ್ಯನ ನೆನಪಾಗುತ್ತದೆ.

“ನೀರು ಬಂದ್ ದಿನ ಕಾವೇರಿ ತಾಯಿ ಬಂದ್ಲು ಅಂತಾರೆ. ಬರ್ದಿದ್ ದಿನ ಸಣ್ಣಮಾದ ಬುಟ್ಟಿಲ್ಲ ಅಂತಾರೆ,” ಎಂದು ಅವರು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ನಂಜನಗೂಡು ಕಡೆಯ ಹಳ್ಳಿಯಿಂದ ಪೈಪಿನ ಗುಂಡಿ ತೋಡುವ ಕೂಲಿಗೆಂದು ಅಪ್ಪನ ಜೊತೆ ಬಂದವರು ಸಣ್ಣಮಾದಯ್ಯ. ತೋಡಿದ ಗುಂಡಿ ಮುಚ್ಚಿತು, ಪೈಪಿನೊಳಗೆ ನೀರು ಹರಿಯಿತು, ಇವರು ಇಲ್ಲೇ ಉಳಿದರು. ಈಗ ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ಇಪ್ಪತ್ತೆರಡು ವಾಲ್ವುಗಳನ್ನು ತಿರುಗಿಸಬೇಕು, ನೀರು ನಿಲ್ಲಿಸಲು ಮತ್ತೆ ಅಷ್ಟನ್ನೂ ಕಟ್ಟಬೇಕು. ಭಾನುವಾರವಿಲ್ಲ, ಹಬ್ಬವಿಲ್ಲ. ಹಬ್ಬದ ದಿನ ಊರಿಗೆ ಇನ್ನಷ್ಟು ನೀರು ಬೇಕಲ್ಲ.

ಮೊದಲು ಇಷ್ಟು ಒಂಟಿತನವಿರಲಿಲ್ಲ. ಬೀದಿ ನಲ್ಲಿಗಳ ಮುಂದೆ ಹೆಂಗಸರು ಕಾದಿರುತ್ತಿದ್ದರು, ಬೈಯುತ್ತಿದ್ದರು, ಬೈದ ಬಾಯಲ್ಲೇ ಆರೋಗ್ಯ ವಿಚಾರಿಸುತ್ತಿದ್ದರು. ಈ ಎಂಟು-ಹತ್ತು ವರ್ಷಗಳಲ್ಲಿ ಮೇಲಿನ ಬೀದಿಯ ಮನೆಮನೆಗೂ ನೆಲದಡಿಯ ಸಂಪು ಬಂತು, ಮೋಟಾರು ಬಂತು. ನೀರು ಬಂದದ್ದೂ ಹೋದದ್ದೂ ಅವರಿಗೆ ತಿಳಿಯುವುದಿಲ್ಲ. ನೀರು ಬಿಡುವವನಿಗಾಗಿ ಅಲ್ಲಿ ಕಾಯುವವರೇ ಇಲ್ಲ. “ಬೈಯೋರೂ ಕಮ್ಮಿ ಆಗ್ಬುಟ್ರು,” ಎನ್ನುತ್ತಾರೆ ಸಣ್ಣಮಾದಯ್ಯ, ಬೈಗುಳದ ಮೇಲೂ ಆಸೆಯಿಟ್ಟುಕೊಂಡವರಂತೆ.

ಹೆಂಡತಿ ಬೀರಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಪಂಪ್‌ಹೌಸಿನ ಪಕ್ಕದ ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ರೇಡಿಯೋ. ಸ್ನಾನ ವರ್ಷವಿಡೀ ತಣ್ಣೀರಿನಲ್ಲೇ. ಹೆಂಡತಿಯ ನೆನಪು ಯಾವಾಗ ಹೆಚ್ಚು ಎಂದು ಕೇಳಿದರೆ, ಸ್ವಲ್ಪವೂ ಯೋಚಿಸದೆ “ದೀಪಾವಳಿ ಎಣ್ಣೆ ಸ್ನಾನಕ್ಕೆ” ಎನ್ನುತ್ತಾರೆ. ಬೀರಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಬೆನ್ನು ತಿಕ್ಕಿ, ಸೀಗೆಪುಡಿ ಹಾಕಿ ಕಣ್ಣು ಕೆಂಪಾಗುವವರೆಗೆ ನೀರು ಹುಯ್ಯುತ್ತಿದ್ದಳು. “ಒಂಟಿ ಮನ್ಸ ತಲೆಗೆ ಅಚ್ಕಬೋದು, ಕೈಗೆ ಕಾಲ್ಗೆ ಅಚ್ಕಬೋದು. ಬೆನ್ನಿನ್ ನಡೂಕೆ ಕೈ ಎಟ್ಕಾಕಿಲ್ಲ ಕಣ್ರೀ.”

ಸಣ್ಣಮಾದಯ್ಯನವರ ಮನಸ್ಸಿನಲ್ಲಿ ಕೊರೆಯುತ್ತಿರುವುದೂ ಒಂದು ದೀಪಾವಳಿಯೇ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ಮನೆ ತೊಳೆದು, ತಾಮ್ರದ ಹಂಡೆ ಹುಣಿಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಆ ನೀರೇ ಮಾರನೆಯ ಬೆಳಗಿನ ಎಣ್ಣೆ ಸ್ನಾನಕ್ಕೆ. ಊರಿಗೆಲ್ಲ ಆ ಸಂಜೆಯ ನೀರು ಬಿಡುವವರು ಸಣ್ಣಮಾದಯ್ಯ, ಆದರೆ ಆ ಹೊತ್ತು ಬೀದಿಯಲ್ಲೇ ಇರುವ ಅವರು ಆ ಪೂಜೆಯನ್ನು ಕಂಡೇ ಇರಲಿಲ್ಲ, ಬೀರಮ್ಮ ಇದ್ದಾಗಲೂ. “ನೀರು ಒಳೀಕೆ ಓಗೋದು ನೋಡ್ತೀನಿ. ಬೆಳಿಗ್ಗೆ ಮೋರೀಗೆ ಬರೋದೂ ನೋಡ್ತೀನಿ. ನಡೂಕೆ ಏನಾಯ್ತದೆ ಅಂತ ಗೊತ್ತಿರ್ನಿಲ್ಲ. ನಮ್ಮಂತೋರ್ನ ಬಚ್ಚಲ್ ಮನೆಗಂಟ ಯಾರ್ ಕರೀತಾರೆ?”

1996ರಲ್ಲಿ ಒಬ್ಬರು ಕರೆದರು. ಮೇಲಿನ ಬೀದಿಯ ಹಳೆಯ ಹೆಂಚಿನ ಮನೆಯ ಗಿರಿಜಾಂಬಾ. ಅವರ ಗೇಟಿನ ಮುಂದೆಯೇ ಮೇಲಿನ ಬೀದಿಯ ವಾಲ್ವು. ಸಂಜೆ ನೀರು ಬಿಟ್ಟು ನಿಂತಿದ್ದವರನ್ನು ಕಂಡು “ಹಬ್ಬದ ದಿನ ಬೀದೀಲೇ ನಿಂತಿದೀರಲ್ಲ, ಬನ್ನಿ ಒಳಗೆ” ಎಂದರು. ಸಣ್ಣಮಾದಯ್ಯ ಕೀಲಿಯನ್ನು ಗೇಟಿಗೆ ಒರಗಿಸಿ ಒಳಗೆ ಹೋದರು. ಮಣೆ ಹಾಕಿದರು, ಕಜ್ಜಾಯ ಕೊಟ್ಟರು, ಕಾಫಿ ಕೊಟ್ಟರು. ಬೀರಮ್ಮ ಹೋದ ಮೇಲೆ ಒಂದು ಮನೆಯೊಳಗೆ ಕುಳಿತು ತಿಂದದ್ದು ಅದೇ ಮೊದಲು. ಕೂತವರು ಕೂತೇಬಿಟ್ಟರು. ಮೇಲಿನ ಬೀದಿಯ ವಾಲ್ವು ಕಟ್ಟಿ ಕೆಳಗಿನ ಬೀದಿಗೆ ಬಿಡಬೇಕೆಂಬುದು ಮರೆತೇಹೋಯಿತು.

ಪೂಜೆಗೂ ಮುಂಚೆಯೇ ನೆನಪಾಗಿ ಓಡಿದರು, ಅಷ್ಟರಲ್ಲಿ ಟ್ಯಾಂಕು ತಳ ಕಂಡಿತ್ತು. ಕೆಳಗಿನ ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ. ಕೂಲಿ ಮಾಡುವವರು, ಸೊಪ್ಪು ಮಾರುವವರು ಇರುವ ಬೀದಿ ಅದು. ಸಂಪು ಗಿಂಪು ಯಾವುದೂ ಇಲ್ಲ. ಪಟ್ಟೆ ಬಳಿದ ಹಂಡೆಗಳೆಲ್ಲ ಖಾಲಿ. ಸೊಪ್ಪಿನ ಪುಟ್ಟಲಿಂಗಮ್ಮ ಖಾಲಿ ಕೊಡವನ್ನು ಅವರ ಕಾಲ ಬಳಿ ಕುಕ್ಕಿ ಎಲ್ಲರೆದುರೇ ಕೂಗಿದರು: “ನಮ್ ಹಬ್ಬ ಕಳ್ದು ನೀನು ಮೇಲ್ನೋರ್ ಮನೇಲಿ ಹಬ್ಬ ಮಾಡ್ಕಂಡ್ ಕುಂತಿದ್ಯಾ!” ದೂರು ಹೋಯಿತು, ಸಣ್ಣಮಾದಯ್ಯನವರನ್ನು ಎರಡು ವರ್ಷ ಬೇರೆ ಬಡಾವಣೆಗೆ ಹಾಕಿದರು. ಅದು ಅವರನ್ನು ಅಷ್ಟಾಗಿ ನೋಯಿಸಲಿಲ್ಲ. ಪುಟ್ಟಲಿಂಗಮ್ಮ ಹೇಳಿದ್ದು ನಿಜವಾಗಿತ್ತಲ್ಲ, ಅದು ನೋಯಿಸಿತು. ವಾಪಸು ಬಂದ ಮೇಲೆ ಅವರು ಯಾರ ಹೊಸಿಲನ್ನೂ ದಾಟಿಲ್ಲ. ಗೇಟಿನ ಬಳಿ ಯಾರಾದರೂ ಕಾಫಿ ಲೋಟ ಚಾಚಿದರೂ “ಆಮ್ಯಾಕೆ” ಎಂದು ನಡೆದುಬಿಡುತ್ತಾರೆ. ಆ ಆಮೇಲೆ ಎಂಬುದು ಬಂದೇ ಇಲ್ಲ.

ಈ ವರ್ಷ, 2003ರ ದೀಪಾವಳಿಯ ಹೊತ್ತಿಗೆ, ಗಿರಿಜಾಂಬಾ ಮನೆ ಖಾಲಿ ಮಾಡುತ್ತಿದ್ದಾರೆ. ಊರಾಚೆಯ ಹೊಸ ಬಡಾವಣೆಯಲ್ಲಿ ಸ್ವಂತ ಮನೆಯಾಗಿದೆ, ಬೋರ್‌ವೆಲ್ ಇದೆ. ಹಬ್ಬಕ್ಕೆ ವಾರವಿರುವಾಗ ಗೇಟಿಗೆ ಬಂದು ಹೇಳಿದರು: “ಇದೇ ಕೊನೆ ಹಬ್ಬ ಈ ಮನೇಲಿ. ಅವತ್ತು ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು. ಈ ಸಲ ಬಂದು ಪೂಜೆ ನೋಡ್ಲೇಬೇಕು.” ಸಣ್ಣಮಾದಯ್ಯ ಎಂದಿನಂತೆ ತಲೆಯಾಡಿಸಿ ನಡೆಯಲಿಲ್ಲ. ಕೀಲಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿ, “ಕೆಳಗಿನ್ ಬೀದೀಗೆ ಬುಟ್ಟು ಬತ್ತೀನಿ ಕಣಮ್ಮ. ಅವರ್ದು ಶುರುವಾಗ್ಲಿ,” ಎಂದರು.

ಹಬ್ಬದ ಸಂಜೆ ಅವರು ಮಾತಿಗೆ ತಪ್ಪಲಿಲ್ಲ. ಮೇಲಿನ ಬೀದಿಯ ಸರದಿ ಮುಗಿದೊಡನೆ ಕಟ್ಟಿದರು, ಕೆಳಗಿನ ಬೀದಿಗೆ ಬಿಟ್ಟರು, ನಲ್ಲಿಗಳಲ್ಲಿ ನೀರು ಬಿದ್ದದ್ದನ್ನು ಕಣ್ಣಾರೆ ಕಂಡು ದಿಣ್ಣೆ ಹತ್ತಿ ಬಂದರು. ಈ ಸಲ ಕೀಲಿಯನ್ನು ಗೇಟಿಗೆ ಒರಗಿಸದೆ ಕೈಯಲ್ಲೇ ಹಿಡಿದು ಒಳಗೆ ಹೋದರು. ಬಚ್ಚಲು ಮನೆಯಲ್ಲಿ ಪಟ್ಟೆ ಬಳಿದ ಹಂಡೆ, ಹಾಗಲ ಬಳ್ಳಿ, ಹಣತೆ, ಎಲ್ಲ ಸಿದ್ಧವಾಗಿದೆ. ಹಂಡೆಯೊಳಗೆ ಬಗ್ಗಿ ನೋಡಿದರೆ ತಳ ಒಣಗಿದೆ.

“ಇದ್ಯಾಕಮ್ಮ, ನೀರ್ ಇಡೀನಿಲ್ವಾ?”

“ನೀವು ಬಂದ ಮೇಲೆ ತುಂಬೋಣ ಅಂತ ಕಾದೆ. ನೀವು ನೋಡ್ಬೇಕಲ್ಲ,” ಎಂದರು ಗಿರಿಜಾಂಬಾ.

“ಅಯ್ಯೋ, ನಾನ್ ಬಂದ್ರೆ ನೀರ್ ಬಂದಂಗಾ? ಕಟ್ಬುಟ್ಟು ಬಂದಿವ್ನಿ ಕಣಮ್ಮ!”

ಇಷ್ಟು ವರ್ಷ ಸಣ್ಣಮಾದಯ್ಯ ಕಂಡೊಡನೆ ನೀರು ಬಂದೇ ಬರುತ್ತದೆಂದು ನಂಬಿದ್ದ ಗಿರಿಜಾಂಬಾ ಬಾಯಿ ಮೇಲೆ ಕೈಯಿಟ್ಟರು. ಬೀದಿಯಲ್ಲಿ ಸಂಪಿಲ್ಲದೆ ಉಳಿದದ್ದು ಆ ಹಳೆಯ ಮನೆಯೊಂದೇ. ಡ್ರಮ್ಮಿನಲ್ಲಿರುವುದು ಬೆಳಗಿನ ನೀರು, ಪೂಜೆಗೆ ಆಗದು. ಗೇಟಿನ ಕಡೆ ನೋಡಿ, “ಒಂದೇ ಒಂದು ಹಂಡೆ ಅಲ್ವಾ, ಒಂದ್ ಗಳಿಗೆ ಬಿಟ್ಟು ಕಟ್ಟಿ,” ಎಂದರು ಸಣ್ಣ ದನಿಯಲ್ಲಿ. ವಾಲ್ವು ಗೇಟಿನ ಮುಂದೆಯೇ ಇದೆ, ಕೀಲಿ ಕೈಯಲ್ಲಿದೆ. ತಿರುಗಿಸಿದರೆ ಕೇಳುವವರು ಯಾರೂ ಇಲ್ಲ.

ಸಣ್ಣಮಾದಯ್ಯ ಕೀಲಿಯನ್ನು ನೋಡಿದರು. “ಬ್ಯಾಡ ಕಣಮ್ಮ. ಇಲ್ಲಿ ಬುಟ್ರೆ ನಿಮ್ಮೊಬ್ರಿಗೆ ಬರಾಕಿಲ್ಲ, ಬೀದಿ ಸಂಪೆಲ್ಲ ಎಳ್ಕತವೆ. ಅಲ್ಲಿ ಕೆಳಗ್ನೋರು ಈಗ ತುಂಬ್ತಾವ್ರೆ.” ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು: “ಕೊಡ ಕೊಡಿ. ನಾನ್ ತಂದ್ರೆ ಪೂಜೆಗ್ ಆದಾತಾ?”

“ಅದೇನ್ ಮಾತು ಅಂತ ಆಡ್ತೀರಿ,” ಎಂದು ಗಿರಿಜಾಂಬಾ ಎರಡು ತಾಮ್ರದ ಕೊಡಗಳನ್ನು ಸೆರಗಿನಲ್ಲಿ ಒರೆಸಿ ಅವರ ಕೈಗಿಟ್ಟರು. ಸಣ್ಣಮಾದಯ್ಯ ಕೀಲಿಯನ್ನು ಬಚ್ಚಲ ಬಾಗಿಲಿಗೆ ಒರಗಿಸಿ ದಿಣ್ಣೆ ಇಳಿದರು.

ಕೆಳಗಿನ ಬೀದಿಯ ನಲ್ಲಿಯ ಸಾಲಿನಲ್ಲಿ ನೀರು ಬಿಡುವವನೇ ಕೊಡ ಹಿಡಿದು ನಿಂತದ್ದನ್ನು ಕಂಡು ಹೆಂಗಸರು ನಕ್ಕರು. “ಏನ್ ಮಾದಯ್ಯ, ನಿನ್ ನೀರ್ಗೆ ನೀನೇ ಸಾಲ್ ನಿಂತ್ಯಾ?” ನಲ್ಲಿಯ ಬುಡದಲ್ಲಿದ್ದವರು ಪುಟ್ಟಲಿಂಗಮ್ಮ. ಅವರು ನಗಲಿಲ್ಲ. ಇವರ ಮುಖ ನೋಡಿದರು, ತಾಮ್ರದ ಕೊಡ ನೋಡಿದರು, ಅರ್ಧ ತುಂಬಿದ್ದ ತಮ್ಮ ಕೊಡವನ್ನು ಪಕ್ಕಕ್ಕೆಳೆದರು. “ಇಕ್ಕು ಇಲ್ಲಿ.” ಎರಡೂ ತುಂಬಿದ ಮೇಲೆ ತಾವೇ ಎತ್ತಿ ಒಂದನ್ನು ಅವರ ಹೆಗಲಿಗಿಟ್ಟು, ಇನ್ನೊಂದನ್ನು ಕೈಗೆ ಕೊಟ್ಟು, “ಬಿರ್‌ಬಿರ್ನೆ ಓಗು. ಕಟ್ಟೋದ್ ಮರ್ತು ಕಜ್ಜಾಯ ತಿನ್ಕಂಡ್ ಕುಂತ್ಕಬ್ಯಾಡ,” ಎಂದರು. ಆಗ ನಕ್ಕವರು ಸಣ್ಣಮಾದಯ್ಯ.

ದಿಣ್ಣೆ ಹತ್ತುವಾಗ ಅವರು ಎರಡು ಕಡೆ ನಿಂತು ದಣಿವಾರಿಸಿಕೊಂಡರು. “ಇಷ್ಟು ವರ್ಸ ಊರ್ಗೆಲ್ಲ ನೀರ್ ಬುಟ್ಟಿವ್ನಿ. ನೀರು ಇಷ್ಟು ತೂಕ ಅದೆ ಅಂತ ಗೊತ್ತೇ ಇರ್ನಿಲ್ಲ.” ಬಚ್ಚಲು ಮನೆಯಲ್ಲಿ ತಮ್ಮ ಕೈಯಾರೆ ಹಂಡೆಗೆ ಹುಯ್ದರು. ಖಾಲಿ ತಾಮ್ರದೊಳಗೆ ನೀರು ಬಿದ್ದ ಸದ್ದಿಗೆ ಮೈಯೆಲ್ಲ ಕಿವಿಯಾಗಿ ನಿಂತರು. ಹಂಡೆ ಅರ್ಧವೂ ತುಂಬಲಿಲ್ಲ. ಗಿರಿಜಾಂಬಾ ಅರಿಸಿನ ಕುಂಕುಮವಿಟ್ಟು ಹೂವೇರಿಸಿ ಆರತಿ ಬೆಳಗಿದರು. ಬಾಗಿಲಲ್ಲಿ ಮತ್ತೆ ಕೀಲಿ ಹಿಡಿದು ನಿಂತ ಸಣ್ಣಮಾದಯ್ಯ ಆರತಿ ತಗೊಂಡು ಕಣ್ಣಿಗೊತ್ತಿಕೊಂಡರು. ಕಾಫಿಯನ್ನು ನಿಂತೇ ಕುಡಿದರು. ಎಲೆಯಲ್ಲಿ ಕಟ್ಟಿಕೊಟ್ಟ ಕಜ್ಜಾಯ, ಪುಟ್ಟ ಬಟ್ಟಲಿನಲ್ಲಿ ಕೊಟ್ಟ ಹರಳೆಣ್ಣೆ ತೆಗೆದುಕೊಂಡು, ಕೆಳಗಿನ ಬೀದಿಯ ವಾಲ್ವು ಕಟ್ಟಲು ಹೊರಟರು. ಇನ್ನೂ ಸ್ವಲ್ಪ ಹೊತ್ತು ಕೂರಬೇಕೆಂಬ ಆಸೆ ಅವರಿಗಿತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ.

ಇವತ್ತು ನರಕ ಚತುರ್ದಶಿ. ನಸುಕಿನಲ್ಲಿ ಬೀದಿಯ ಮೋರಿಗಳಿಂದ ಹಬೆ ಏಳುತ್ತಿದೆ. ಊರಿಗೆ ಊರೇ ಎಣ್ಣೆ ಸ್ನಾನ ಮಾಡುತ್ತಿದೆ, ಸೀಗೆಯ ಘಾಟು ಮೂಗಿಗೆ ಅಡರುತ್ತಿದೆ. ನೀರು ಬಿಟ್ಟು ಬಂದ ಸಣ್ಣಮಾದಯ್ಯ ಗಿರಿಜಾಂಬಾ ಅವರ ಮನೆಯ ಮೋರಿಯ ಬಳಿ ನಿಂತಿದ್ದಾರೆ. ಜಗುಲಿಯ ಮೇಲೆ ಕಟ್ಟಿಟ್ಟ ಪೆಟ್ಟಿಗೆಗಳಿವೆ, ನಾಡಿದ್ದು ಲಾರಿ ಬರುತ್ತದೆ. ಒಳಗೆ ಯಾರೋ ತಂಬಿಗೆಯಲ್ಲಿ ಮೊಗೆದು ಹುಯ್ದುಕೊಳ್ಳುವ ಸದ್ದು ಕೇಳುತ್ತದೆ. ಬೂದು ಬಣ್ಣದ ಬಿಸಿನೀರು ಹೊರಬಂದು ಹರಿಯುತ್ತದೆ.

“ಇದು ನಾನ್ ಒತ್ತ ನೀರು ಕಣ್ರೀ,” ಎಂದು ಬೆರಳು ತೋರಿಸುತ್ತಾರೆ. ಮಫ್ಲರಿನ ಅಂಚಿನಲ್ಲಿ, ಕಿವಿಯ ಹಿಂದೆ, ಎಣ್ಣೆಯ ಪಸೆ ಮಿನುಗುತ್ತಿದೆ.

ಹಾಗಾದರೆ ನಿಮ್ಮ ಹಬ್ಬವೂ ಆಯಿತಾ ಎಂದು ಕೇಳಿದರೆ, ಮುಂದಿನ ಬೀದಿಗೆ ಹೊರಟವರು ಕೀಲಿಯನ್ನು ಹೆಗಲಿಗೇರಿಸಿ ಒಂದು ಗಳಿಗೆ ನಿಲ್ಲುತ್ತಾರೆ.

“ಆಯ್ತು. ಬೆನ್ನೊಂದು ಉಳ್ಕಂಡ್ತು.”