ಎಪ್ಪತ್ನಾಲ್ಕು ಕಾಣದ ಹುಡುಗಿ

೨೦೦೭ನೆಯ ಇಸವಿಯ ಮಾರ್ಚ್ ತಿಂಗಳು. ಮಿರಜದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ದೃಷ್ಟಿ ಪರೀಕ್ಷೆಯ ಕೋಣೆಯನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಸೇರಿ ಹದಿನಾರು ವರ್ಷವಾಗಿತ್ತು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನೆಲ ಒರೆಸಲು, ಹಾಸಿಗೆ ಬದಲಿಸಲು ಹೋದವಳು ನಾನು. ಲಿಂಗನೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕನ್ನಡ ಓದಿದ್ದೇನೆಂದು ತಿಳಿದ ಮೇಲೆ ಡಾಕ್ಟರ್ ಸಾಹೇಬರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವ ಕೆಲಸ ಕಲಿಸಿದರು. ಅವರು ಅಥಣಿ ಕಡೆಯವರು. ಗಡಿಹಳ್ಳಿಗಳಿಂದ ಬರುವವರ ಜೊತೆ ಕನ್ನಡ ಮಾತಾಡಲು ಒಬ್ಬರು ಬೇಕಾಗಿತ್ತು.

ಮೊಮ್ಮಕ್ಕಳೇ, ಆಸ್ಪತ್ರೆಯಲ್ಲಿ ಏನು ಮಾಡುತ್ತಿದ್ದಿ ಎಂದು ನೀವು ಕೇಳಿದಾಗಲೆಲ್ಲ ಎರಡು ಮಾತಿನಲ್ಲಿ ಮುಗಿಸಿದ್ದೇನೆ. ಎದುರು ಕುಳಿತು ಹೇಳಲು ನನಗೆ ಸಂಕೋಚ. ಅದರಲ್ಲೂ ಈ ಸಂಗತಿ ನನ್ನ ತಪ್ಪಿನದು. ಬರೆದರೆ ಪೂರ್ತಿ ಹೇಳಬಲ್ಲೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಕೋಣೆಯಲ್ಲಿ ಬಣ್ಣದ ಪುಸ್ತಕವೊಂದಿತ್ತು. ದಪ್ಪ ರಟ್ಟಿನ ಪುಟಗಳು. ಪ್ರತಿ ಪುಟದಲ್ಲೂ ಸಣ್ಣ ದೊಡ್ಡ ಚುಕ್ಕೆಗಳಿಂದ ತುಂಬಿದ ಒಂದು ವೃತ್ತ. ಹಸಿರು ಚುಕ್ಕೆಗಳ ನಡುವೆ ಕೆಂಪು ಚುಕ್ಕೆಗಳು ಸೇರಿ ಒಂದು ಅಂಕಿ ಆಗಿರುತ್ತದೆ, ಇಲ್ಲವೆ ಅದರ ತಿರುಗುಮುರುಗು. ಬಣ್ಣ ಸರಿಯಾಗಿ ಕಾಣುವವರಿಗೆ ಅಂಕಿ ಎದ್ದು ಕಾಣುತ್ತದೆ. ಕೆಂಪು ಹಸಿರಿನ ಭೇದ ತಿಳಿಯದವರಿಗೆ ಬೇರೆ ಅಂಕಿ ಕಾಣುತ್ತದೆ, ಅಥವಾ ಏನೂ ಕಾಣುವುದಿಲ್ಲ. ಒಂದು ಪುಟಕ್ಕೆ ಮೂರು ಸೆಕೆಂಡು, ಅಷ್ಟೇ.

ಆ ವರ್ಷಗಳಲ್ಲಿ ಸಾಂಗಲಿ, ಮಿರಜ, ಕುಪವಾಡ ಮೂರೂ ಒಂದಕ್ಕೊಂದು ತಾಗುವಂತೆ ಬೆಳೆಯುತ್ತಿದ್ದವು. ಹೊಸ ಟೆಂಪೊ, ಹೊಸ ಕಂಪನಿ ಬಸ್ಸು. ಎಲ್ಲರಿಗೂ ಡ್ರೈವರ್ ಆಗುವ ಆಸೆ, ಅದಕ್ಕೆ ಕಣ್ಣಿನ ಸರ್ಟಿಫಿಕೇಟು. ಹೀಗೆ ಬರುವವರಲ್ಲಿ ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ಹೊರುವವರು ಬಹಳ. ಕೆಲವರಿಗೆ ಅಂಕಿಯ ಹೆಸರು ಬರುತ್ತಿರಲಿಲ್ಲ. ಅಂಥವರು ಅಂಕಿಯ ದಾರಿಯನ್ನು ತಿದ್ದಿ ತೋರಿಸಲೆಂದು ಪುಸ್ತಕದ ಜೊತೆ ಒಂದು ಮೆತ್ತನೆಯ ಬ್ರಷ್ ಬಂದಿತ್ತು. ಪುಟಕ್ಕೆ ಬೆರಳು ತಾಗಿಸಬಾರದು ಎಂದು ಸಾಹೇಬರು ಮೊದಲ ದಿನವೇ ಹೇಳಿದ್ದರು. ಆದರೆ ಬ್ರಷ್ ಕೈಗೆ ಕೊಟ್ಟರೆ ಆ ಗಟ್ಟಿ ಗಂಡಸರು ನಾಚಿ ನಗುತ್ತಿದ್ದರು, ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯುತ್ತಿರಲಿಲ್ಲ. ನಾನೂ ಊರ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದವಳು. "ಬೆರಳಿಲೇ ತಿದ್ದಿ ತೋರಸ್ರಿ" ಎಂದುಬಿಡುತ್ತಿದ್ದೆ. ಸುಗ್ಗಿಯಲ್ಲಿ ಅವರ ಬೆರಳೆಲ್ಲ ಹಳದಿ. ಶನಿವಾರ ಸಂಜೆ ಸಾಬೂನು ಹಚ್ಚಿದ ಒದ್ದೆ ಬಟ್ಟೆಯಿಂದ ಪುಟಗಳನ್ನು ಒರೆಸಿ ಇಡುತ್ತಿದ್ದೆ. ನನ್ನಷ್ಟು ಚೊಕ್ಕಟವಾಗಿ ಕೋಣೆ ಇಡುವವರಿಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಆ ಮಾರ್ಚಿನ ಒಂದು ಮಂಗಳವಾರ ತೇಜಶ್ರೀ ಎಂಬ ಹುಡುಗಿ ತಂದೆಯ ಜೊತೆ ಬಂದಳು. ಹತ್ತೊಂಬತ್ತು ವರ್ಷ. ತಂದೆ ಕುಪವಾಡದ ಸಣ್ಣ ಕಾರಖಾನೆಯೊಂದರಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದರು. ಅವಳ ಕೈಯಲ್ಲಿದ್ದ ಕಾಗದ ನಾನು ಅದುವರೆಗೆ ಕಂಡಿರದಂಥದ್ದು.

"ಇದು ಯಾ ಗಾಡಿ ಲೈಸೆನ್ಸಿಂದವಾ?" ಎಂದು ಕೇಳಿದೆ.

"ವಿಮಾನದ್ದ ರಿ ಮಾವಶಿ" ಎಂದಳು, ಚಿಕ್ಕಮ್ಮನನ್ನು ಕರೆದಂತೆ.

ನಾನು ನಕ್ಕೆ. ಅವಳು ನಗಲಿಲ್ಲ. ತಂದೆಯೇ ನಕ್ಕು ಮಾತು ಮುಂದುವರಿಸಿದರು. "ನಮ್ಮ ಮನ್ಯಾಗ ಇಲ್ಲೀತನಕ ಎಲ್ಲಾರಕಿಂತ ಮ್ಯಾಲ ಏರಿದಾಂವ ನಾನ ರಿ. ಕಾರಖಾನಿ ಮಾಳಗಿ ಮ್ಯಾಲಿನ ತಗಡ ಬದಲಿ ಮಾಡಾಕ."

"ಇಳ್ಯಾಕ ಬರಲಾರದ ಸಂಜೀತನಕ ಅಲ್ಲೇ ಕುಂತಿದ್ರು, ಅದನ್ನೂ ಹೇಳ್ರಿ ಪಪ್ಪಾ" ಎಂದಳು ಮಗಳು.

ಸರದಿ ಬರುವವರೆಗೆ ಅವಳೇ ನನಗೆ ವಿವರಿಸಿದಳು. ಹನ್ನೆರಡನೆಯದರಲ್ಲಿ ಫಿಸಿಕ್ಸ್, ಗಣಿತ ಇರಬೇಕು. ಮೊದಲು ಸೆಕೆಂಡ್ ಕ್ಲಾಸ್ ಮೆಡಿಕಲ್ ಎಂಬ ವೈದ್ಯಕೀಯ ಪರೀಕ್ಷೆ, ಅದಾದರೆ ಕಲಿಯುವವರ ಲೈಸೆನ್ಸು. ಆಮೇಲೆ ಇನ್ನೂ ಬಿಗಿಯಾದ ಫಸ್ಟ್ ಕ್ಲಾಸ್ ಮೆಡಿಕಲ್. ದಾರಿ ಹುಡುಕುವುದು, ಹವಾಮಾನ, ಕಾಯಿದೆ, ಯಂತ್ರ ಇವುಗಳ ಮೇಲೆ ಲಿಖಿತ ಪರೀಕ್ಷೆ, ರೇಡಿಯೋದಲ್ಲಿ ಮಾತಾಡುವುದಕ್ಕೂ ಬೇರೆ ಪರೀಕ್ಷೆ. ಇದರ ನಡುವೆ ಇನ್ನೂರು ತಾಸು ಹಾರಬೇಕು. ಮೊದಲು ಗುರುವಿನ ಜೊತೆ, ಆಮೇಲೆ ಒಬ್ಬಳೇ. ಅಷ್ಟಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸು. ಅದು ಸಿಕ್ಕರೂ ದೊಡ್ಡ ವಿಮಾನಕ್ಕೆ ಮತ್ತೆ ಬೇರೆ ತರಬೇತಿ.

"ಇಷ್ಟಕ್ಕೆಲ್ಲಾ ಬಣ್ಣ ಯಾಕ ಬೇಕವಾ?"

"ರೇಡಿಯೋ ಕೆಟ್ರ ಟವರಿನವರು ಕೆಂಪ, ಹಸರ ದೀಪಾ ತೋರಸ್ತಾರ್ರಿ. ಹಸರ ಅಂದ್ರ ಇಳಿ, ಕೆಂಪ ಅಂದ್ರ ಇಳೀಬ್ಯಾಡ. ತಪ್ಪಿ ತಿಳ್ಕೊಂಡ್ರ ಮುಗೀತು."

ಫ್ಲೈಯಿಂಗ್ ಸ್ಕೂಲಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಶನಿವಾರದೊಳಗೆ ಮೆಡಿಕಲ್ ಕಾಗದ ಮುಟ್ಟಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಉಳಿದ ತಪಾಸಣೆಗಳೆಲ್ಲ ಮುಗಿದಿದ್ದವು. ಕಣ್ಣಿನ ತಪಾಸಣೆ ಒಂದೇ ಬಾಕಿ.

ಸಾಮಾನ್ಯವಾಗಿ ಡ್ರೈವರುಗಳನ್ನು ನಾನೇ ಓದಿಸಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಸಾಹೇಬರು ಸಹಿ ಮಾಡುತ್ತಿದ್ದರು. ಅವತ್ತು ಪೈಲಟ್ ಕಾಗದವೆಂದು ಅವರೇ ಕುಳಿತರು. ನಾನು ಅವರ ಪಕ್ಕ ನಿಂತು ಅವಳತ್ತ ಪುಟ ತಿರುವುತ್ತಿದ್ದೆ. ಹನ್ನೆರಡು, ಎಂಟು ಎಂದು ಪಟಪಟ ಹೇಳಿದಳು. ಎಪ್ಪತ್ನಾಲ್ಕರ ಪುಟದಲ್ಲಿ ನಿಂತಳು.

"ಇಪ್ಪತ್ತೊಂದು... ಅಲ್ಲ. ತಡೀರಿ. ಗೊತ್ತಾಗವಲ್ದು."

ಮುಂದೆ ಇನ್ನೂ ಮೂರು ಪುಟ ತಪ್ಪಿದಳು. ಸಾಹೇಬರು ಪೆನ್ನು ಕೆಳಗಿಟ್ಟರು. "ಹೆಣ್ಣುಮಕ್ಕಳಿಗೆ ಈ ದೋಷ ಬಾಳ ಕಮ್ಮಿ. ಬಂದ್ರ ತಂದೀಗೂ ಇರಬೇಕು. ಅವರನ್ನ ಕರೀರಿ."

ತಂದೆ ಬಂದು ಕುಳಿತರು. ಅವರೂ ಅದೇ ಪುಟಗಳಲ್ಲಿ ತಡವರಿಸಿದರು.

"ನನ್ನಿಂದ ಬಂತೇನ್ರಿ ಸಾಹೇಬ್ರ?" ಅವರ ಧ್ವನಿ ಕುಗ್ಗಿತ್ತು. "ಇಪ್ಪತ್ತೆರಡ ವರ್ಷ ಆತು, ಮಷಿನಿನ ಕೆಂಪ ಬಟನ್, ಹಸರ ಬಟನ್ ಒಂದ ದಿನಾ ತಪ್ಪಿಲ್ಲ ರಿ. ಬಣ್ಣಾ ಅಲ್ಲ, ಜಾಗಾ ನೋಡಿ ಒತ್ತತಿದ್ನೋ ಏನೋ."

"ಊಟದ ಮ್ಯಾಲ ಬರ್ದ ಕೊಡ್ತೇನಿ, ಹೊರಗ ಕುಂದ್ರಿ" ಎಂದರು ಸಾಹೇಬರು. ಅವರಿಗೂ ಬೇಸರವಾಗಿತ್ತು. ಕಾಗದದಲ್ಲಿ ಒಮ್ಮೆ ಬಣ್ಣದ ದೋಷ ಎಂದು ಬಿದ್ದರೆ ಮುಂದೆ ನೋಡುವ ಪ್ರತಿಯೊಬ್ಬ ಡಾಕ್ಟರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಹೊರಗಿನ ಬೆಂಚಿನ ಮೇಲೆ ಅವರಿಬ್ಬರೂ, ತುದಿಗೆ ನಾನು. ಆಪರೇಷನ್ ಆದವರ ಕಣ್ಣಿಗೆ ಕಟ್ಟುವ ಹಸಿರು ಬಟ್ಟೆಯ ತುಂಡುಗಳನ್ನು ನಾನು ಬಿಡುವಿನಲ್ಲಿ ಹೊಲಿಯುತ್ತಿದ್ದೆ. ತೇಜಶ್ರೀ ಅಳುತ್ತಿರಲಿಲ್ಲ. ತಂದೆಯೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಂದ ದೋಷ, ಮಗಳ."

"ಪಪ್ಪಾ, ಸುಮ್ಕಿರ್ರಿ. ನಿಮ್ಮ ಮೂಗೂ ನನಗ ಬಂದೈತಿ, ಅದಕ್ಕ ಎಂದಾದ್ರೂ ಜಗಳಾ ಮಾಡೇನೇನು?"

ನನ್ನ ಮಡಿಲಿನಿಂದ ಒಂದು ಹಸಿರು ದಾರದ ಉಂಡೆ ಉರುಳಿತು. ತಂದೆ ಅದನ್ನು ಎತ್ತಿ ಬಟ್ಟೆಯ ಪಕ್ಕಕ್ಕೆ ಹಿಡಿದು, ಯೋಚಿಸದೆಯೇ ಎಂಬಂತೆ ಹೇಳಿದರು: "ಮಾವಶಿ, ಈ ದಾರ ಹೊಂದಂಗಿಲ್ಲ ರಿ. ಇದರಾಗ ಒಂದೀಟ ಕೆಂಪ ಛಾಯಾ ಐತಿ."

ನಾನು ದಾರವನ್ನು ಬೆಳಕಿಗೆ ಹಿಡಿದು ನೋಡಿದೆ. ನಿಜ. ನನಗೇ ತಿಳಿದಿರದ ಛಾಯೆ ಅವರಿಗೆ ಕಂಡಿತ್ತು. ಕೆಂಪು ಹಸಿರು ತಿಳಿಯದವರಿಗೆ ಇದು ಹೇಗೆ ತಿಳಿಯಿತು?

ಎದ್ದು ಕೋಣೆಗೆ ಹೋದೆ. ಪುಸ್ತಕವನ್ನು ಕಿಟಕಿಗೆ ಒಯ್ದು ಎಪ್ಪತ್ನಾಲ್ಕರ ಪುಟ ತೆರೆದೆ. ಈ ಕೆಲಸ ಕಲಿತಂದಿನಿಂದ ಅದನ್ನು ಸಾವಿರಾರು ಸಲ ತೆರೆದಿದ್ದೇನೆ. ಉತ್ತರ ಬಾಯಿಪಾಠವಿತ್ತು, ಅದಕ್ಕೇ ಪುಟವನ್ನು ನೋಡುವುದು ಯಾವತ್ತೋ ನಿಂತುಹೋಗಿತ್ತು. ಅವತ್ತು ಏನೂ ಗೊತ್ತಿಲ್ಲದವಳ ಹಾಗೆ ನೋಡಿದೆ. ನನಗೂ ಎಪ್ಪತ್ನಾಲ್ಕು ಕಾಣಲಿಲ್ಲ. ಹಸಿರು ಚುಕ್ಕೆಗಳ ಮೇಲೆ ಬೆರಳು ಓಡಾಡಿದ ದಾರಿಗಳು ಕಂಡವು, ಕಂದುಗೆಂಪಾಗಿ.

ಆ ಕೆಂಪನ್ನು ನಾನು ಗುರುತಿಸಿದೆ. ಅರಿಶಿನಕ್ಕೆ ಸುಣ್ಣ ಕೂಡಿಸಿದರೆ ಆರತಿಯ ನೀರು ಕೆಂಪಾಗುತ್ತದೆ. ಅರಿಶಿನದ ಕಲೆಗೆ ಸಾಬೂನು ಹಚ್ಚಿದರೂ ಅಷ್ಟೇ. ನಿಮ್ಮ ಅಜ್ಜ ಹೋದ ಮೇಲೆ ಆರತಿಯ ತಟ್ಟೆಯ ಬಳಿ ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಆ ಬಣ್ಣ ಮರೆತಿರಲಿಲ್ಲ. ಪೇಟೆಯವರ ಹಳದಿ ಬೆರಳು, ತಂಬಾಕಿನ ಜೊತೆ ತಿಕ್ಕಿದ ಸುಣ್ಣ, ಮೇಲೆ ನನ್ನ ಶನಿವಾರದ ಸಾಬೂನು. ಜಿಡ್ಡಿಲ್ಲದ ಆ ಚೊಕ್ಕಟ ಪುಟವನ್ನು ನಾನೇ ಹಾಳು ಮಾಡಿದ್ದೆ.

ಸಾಹೇಬರ ಕ್ಯಾಬಿನ್ನಿಗೆ ಕರೆಯದೆ ನಾನು ಯಾವತ್ತೂ ಹೋದವಳಲ್ಲ. ಬಾಗಿಲಿನ ಹೊರಗೆ ಎಷ್ಟು ಹೊತ್ತು ನಿಂತೆನೋ. ಕೆಲಸ ಹೋದರೆ ನಿಮ್ಮ ಅಪ್ಪನ ಕಾಲೇಜು ನಿಲ್ಲುತ್ತದೆ ಎಂಬ ಭಯವಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಗೊತ್ತಿತ್ತು. ಒಳಗೆ ಅವರು ಊಟದ ಡಬ್ಬಿ ಮುಚ್ಚಿ, ತೇಜಶ್ರೀಯ ಕಾಗದವನ್ನು ಮುಂದಕ್ಕೆ ಎಳೆದುಕೊಳ್ಳುವುದು ಗಾಜಿನಿಂದ ಕಂಡಿತು. ಬಾಗಿಲು ದೂಡಿದೆ.

"ಸಾಹೇಬ್ರ, ಬರೀಬ್ಯಾಡ್ರಿ. ಹುಡುಗಿ ಕಣ್ಣಿಂದಲ್ಲ. ಪುಸ್ತಕದ್ದು. ಪುಸ್ತಕದ್ದೂ ಅಲ್ಲ ರಿ, ನಂದು."

ಪುಸ್ತಕವನ್ನು ಮುಂದಿಟ್ಟು, ಅರಿಶಿನದ ಬೆರಳು, ಸಾಬೂನು ಎಲ್ಲವನ್ನೂ ಹೇಳಿದೆ. ಅವರು ಪುಟವನ್ನು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. "ಬೆರಳ ಹಚ್ಚಬ್ಯಾಡ ಅಂದಿದ್ನಿ, ಪದ್ಮಾಬಾಯಿ."

"ಹೌದ್ರಿ."

"ಮತ್ತ?"

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪರಿಚಯದ ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ, ಅವರ ಪುಸ್ತಕ ತರಲು ನನ್ನನ್ನೇ ಕಳಿಸಿದರು. ರಿಕ್ಷಾದಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿ, ಕೂಸಿನಂತೆ ಹಿಡಿದು ತಂದೆ.

ತೇಜಶ್ರೀ ಒಂದೇ ಉಸಿರಿಗೆ ಓದಿದಳು. ಎಪ್ಪತ್ನಾಲ್ಕು, ನಲವತ್ತೈದು, ಹದಿನಾರು. ಒಂದೂ ತಪ್ಪಲಿಲ್ಲ. ತಂದೆಯನ್ನೂ ಕೂರಿಸಿ ಓದಿಸಿದೆವು. ಅವರು ಪ್ರತಿ ಅಂಕಿಯನ್ನೂ ಶಾಲೆಯ ಹುಡುಗನಂತೆ ಗಟ್ಟಿಯಾಗಿ ಒದರಿದರು. ಸಾಹೇಬರು ಕಾಗದದಲ್ಲಿ ಸರಿ ಎಂದು ಬರೆದು ಸಹಿ ಹಾಕುವಾಗ ನಾನು ಗೋಡೆಗೆ ಒರಗಿ ನಿಂತಿದ್ದೆ.

ಹೋಗುವಾಗ ತೇಜಶ್ರೀ ನನ್ನ ಕೈ ಹಿಡಿದಳು. ನಾನು ಅವಳ ಮುಖ ನೋಡಲಾರದೆ, "ತಪ್ಪಾತವಾ" ಎಂದೆ.

"ಮಾವಶಿ, ನೀವ ಹೇಳದಿದ್ರ ನಮ್ಮಪ್ಪ ಸಾಯೂತನಕ ತಮ್ಮದ ತಪ್ಪ ಅನ್ಕೊಂಡ ಇರ್ತಿದ್ರು" ಎಂದಳು.

ಅವರು ಹೋದ ಮೇಲೆ ಸಾಹೇಬರು ಒಂದೇ ಪ್ರಶ್ನೆ ಕೇಳಿದರು: "ಈ ಪುಸ್ತಕದ ಮ್ಯಾಲ ಇನ್ನೂ ಎಷ್ಟ ಮಂದೀನ ಫೇಲ್ ಮಾಡೇವಿ?"

ರಿಜಿಸ್ಟರ್ ತೆಗೆದು ಕುಳಿತೆವು. ದೀಪಾವಳಿಯಿಂದ ಈಚೆಗೆ ಹನ್ನೊಂದು ಜನ. ಮೊದಲೆಲ್ಲ ಇಡೀ ವರ್ಷಕ್ಕೂ ಇಬ್ಬರು ಮೂವರಿಗಿಂತ ಹೆಚ್ಚಿರುತ್ತಿರಲಿಲ್ಲ. ಪ್ರತಿ ಹೆಸರಿನ ಮುಂದೆ ನನ್ನ ಅಕ್ಷರ, ಕೆಳಗೆ ಅವರ ಸಹಿ. "ನಾನೂ ಪುಟಾ ನೋಡಲಾರದನ ಸಹಿ ಮಾಡೇನಿ. ತಪ್ಪ ಇಬ್ಬರದೂ" ಎಂದರು. ನನ್ನ ಕೆಲಸ ಉಳಿಯಿತು. ಆದರೆ ಆ ಹನ್ನೊಂದು ಜನರನ್ನು ಹುಡುಕಿ ಕರೆತರುವುದು ನನ್ನ ಪಾಲಿಗೆ ಬಂತು. ಕೆಲವರಿಗೆ ಕಾರ್ಡು ಬರೆದೆ. ಉತ್ತರ ಬಾರದವರ ಮನೆಗೆ ರವಿವಾರ ಹೋದೆ. ಗುರುತಿಲ್ಲದ ಮನೆಯ ಬಾಗಿಲು ತಟ್ಟುವುದೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು, ನಿಮಗೆ ಗೊತ್ತಲ್ಲ. ಒಂಬತ್ತು ಜನ ಸಿಕ್ಕರು. ಸಾಹೇಬರು ತರಿಸಿದ ಹೊಸ ಪುಸ್ತಕದಲ್ಲಿ ಅವರಲ್ಲಿ ಏಳು ಜನ ಸರಿಯಾಗಿ ಓದಿದರು. ಇಬ್ಬರಿಗೆ ನಿಜವಾಗಿಯೂ ದೋಷವಿತ್ತು. ಸಿಗದೆ ಉಳಿದ ಇಬ್ಬರು ಊರು ಬಿಟ್ಟಿದ್ದರು. ಅವರ ಹೆಸರು ಇಂದಿಗೂ ನನಗೆ ನೆನಪಿದೆ.

ಹರಿಪುರದವನೊಬ್ಬ ಸರಿಯಾಗಿ ಓದಿದ ಮೇಲೆ ಎದ್ದು ಹೋಗದೆ ಕುಳಿತೇ ಇದ್ದ. ಡ್ರೈವರ್ ಆಗುವುದನ್ನು ಬಿಟ್ಟು ಮತ್ತೆ ಪೇಟೆಯಲ್ಲಿ ಚೀಲ ಹೊರುತ್ತಿದ್ದ.

"ನನಗ ಎಲ್ಲಾ ಬಣ್ಣ ಕಾಣತಿದ್ವು ರಿ ಅಕ್ಕಾ" ಎಂದ. "ಆದ್ರ ದವಾಖಾನ್ಯಾಗ ಕಾಣಂಗಿಲ್ಲ ಅಂತ ಬರದ್ರು. ಕಲತವ್ರು ಬರದಾರಂದ್ರ ಖರೇನ ಇರಬೇಕು ಅಂತ ಸುಮ್ನಾದ್ನಿ."

ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ತೇಜಶ್ರೀ ಶನಿವಾರದೊಳಗೆ ಕಾಗದ ಮುಟ್ಟಿಸಿದಳು. ಆಮೇಲೆ ಆಗಾಗ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಒಬ್ಬಳೇ ಮೊದಲ ಸಲ ಹಾರಿದ ದಿನ, ಗುರು ಇಳಿದುಹೋದ ಮೇಲೆ ಪಕ್ಕದ ಖಾಲಿ ಸೀಟು ನೋಡಿ ಹೆದರಿದೆನೆಂದಳು. ಹವಾಮಾನದ ಪೇಪರಿನಲ್ಲಿ ಒಮ್ಮೆ ನಪಾಸಾದಳು, ಮತ್ತೆ ಬರೆದಳು. ಇನ್ನೂರು ತಾಸು ತುಂಬಿ ಲೈಸೆನ್ಸು ಸಿಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆಗ ಕಂಪನಿಗಳು ಜನರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದವು. ಮತ್ತೂ ಎರಡು ವರ್ಷ ಸಾಂಗಲಿಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತ ಕಾದಳು. ಕಡೆಗೆ ದೊಡ್ಡ ವಿಮಾನದ ತರಬೇತಿ ಮುಗಿಸಿ ಕೋ-ಪೈಲಟ್ ಆದಳು. ಅಂದರೆ ಎಡಗಡೆ ಕೂರುವ ಕ್ಯಾಪ್ಟನ್ನಿನ ಬಲಗಡೆಯವಳು.

ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಸಮವಸ್ತ್ರವಿಲ್ಲದೆ, ಸಾದಾ ಚೂಡಿದಾರದಲ್ಲಿ, ತಂದೆಯ ಕನ್ನಡಕಕ್ಕೆ ನಂಬರು ತೆಗೆಸಲು ಬಂದಳು. ನಾನು ಬೆಳಗಿನ ಕೆಲಸದಲ್ಲಿದ್ದೆ. ಮೊದಲ ಪೇಶಂಟ್ ಬರುವ ಮುಂಚೆ ಕಿಟಕಿಯ ಬಳಿ ನಿಂತು ಬಣ್ಣದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಕೇಳಿ ನಕ್ಕಳು.

"ಮಾವಶಿ, ದಿನಾ ಓದ್ತೀರೇನು?"

"ದಿನಾ."

"ನಾವೂ ಹಂಗ ರಿ. ಎಷ್ಟ ಸಲಾ ಹಾರಿದ್ರೂ ಪ್ರತಿ ಸಲಾ ಪಟ್ಟಿ ಹಿಡದ ಒಂದೊಂದ ಬಟನ್ ಓದಬೇಕು. ಬಾಯಿಪಾಠ ಹೇಳೂದಕ್ಕ ಪರವಾನಗಿ ಇಲ್ಲ."

ನಾನು ನಿವೃತ್ತಳಾಗಿ ಆರು ವರ್ಷವಾಯಿತು. ನೀವು ಮುಂದೆ ಏನೇ ಆಗಿ, ಒಂದಲ್ಲ ಒಂದು ದಿನ ಎದುರಿಗಿರುವವರಿಗೆ ನಿಮಗೆ ಬರುವುದಿಲ್ಲ, ನಿಮಗೆ ಕಾಣುವುದಿಲ್ಲ ಎಂದು ಬರೆದು ಕೊಡುವ ಅಧಿಕಾರ ನಿಮ್ಮ ಕೈಗೆ ಬರುತ್ತದೆ. ಅವರು ಅದನ್ನು ನಂಬಿ ಎದ್ದು ಹೋಗುತ್ತಾರೆ, ತಿರುಗಿ ಕೇಳುವುದಿಲ್ಲ. ಅದಕ್ಕೇ ಬರೆಯುವ ಮೊದಲು, ಅವರ ಮುಂದೆ ಹಿಡಿದದ್ದನ್ನು ಬೆಳಕಿಗೆ ಒಯ್ದು ನೀವೇ ಒಂದು ಸಲ ಓದಿ ನೋಡಿ.