ಚೆಂಗನ್ನೂರಿನಾಚೆ ಡೇರೆ ಹಾಕಿದ ಸಂಜೆ

ಅಪ್ಪನದು ಸರ್ವೆ ಕೆಲಸ. ವರ್ಷದಲ್ಲಿ ಅರ್ಧ ಕಾಲ ಡೇರೆಯಲ್ಲೇ ಕಳೆದವರು. ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ, ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹಿಡಿದ ಮೇಲೂ ಅವರಿಗೆ ಆ ಹುಚ್ಚು ಬಿಡಲಿಲ್ಲ. ಹರಾಜಿನಲ್ಲಿ ಕೊಂಡ ಹಳೆಯ ಜೀಪೊಂದಿತ್ತು, ಮಳೆ ಕುಡಿದು ಭಾರವಾದ ಹಸಿರು ಕ್ಯಾನ್ವಾಸಿನ ಡೇರೆಯಿತ್ತು. ರಜೆ ಬಂತೆಂದರೆ ಅಪ್ಪ, ಅಮ್ಮ, ನಾನು ಮೂವರೂ ಹೊರಟುಬಿಡುತ್ತಿದ್ದೆವು. ಹೆಚ್ಚಾಗಿ ಹೋಗುತ್ತಿದ್ದುದು ತಿರುವನಂತಪುರಕ್ಕೆ. ಅಲ್ಲಿ ನನ್ನ ಸೋದರಮಾವ ರಾಕೆಟ್ಟಿನ ಕೆಲಸಕ್ಕೆ ಸೇರಿದ್ದರು. ಒಂದು ದಿನದ ದಾರಿಯನ್ನು ಅಪ್ಪ ಮೂರು ದಿನ ಮಾಡುತ್ತಿದ್ದರು.

ಆ ಸೀಮೆಯಲ್ಲಿ ಡೇರೆಗೆ ಜಾಗ ಸಿಗುವುದು ಸುಲಭವಲ್ಲ. ಊರು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಊರು. ಒಂದು ಮನೆಯ ಬೇಲಿ ಮುಗಿದಲ್ಲಿ ಮತ್ತೊಂದರ ಬೇಲಿ. ಶಾಲೆಯ ಮೈದಾನದಲ್ಲೋ, ಹೊಳೆದಂಡೆಯಲ್ಲೋ, ಮರದ ಡಿಪೋ ಪಕ್ಕದಲ್ಲೋ ಇಳಿಯುತ್ತಿದ್ದೆವು. ಅಪ್ಪ ಗೂಟ ಹೊಡೆಯುವಾಗ ನಾನು ಹಗ್ಗ ಹಿಡಿಯುತ್ತಿದ್ದೆ. ಅಮ್ಮ ಸ್ಟವ್ ಹಚ್ಚಿ ಉಪ್ಪಿಟ್ಟು ಕೆದಕುತ್ತಿದ್ದಳು. ಸುತ್ತ ಜನ ನಿಂತು ನೋಡುತ್ತಿದ್ದರು. ಸರ್ಕಸ್ಸಿನವರೇ ಎಂದು ಒಬ್ಬಾಕೆ ಕೇಳಿದ್ದೂ ಉಂಟು. ಉತ್ತರ ಹೇಳುವ ಕೆಲಸ ನನ್ನದು. ಮನೆಯಲ್ಲಿ ಮಲಯಾಳ ಸರಾಗವಾಗಿ ಬರುತ್ತಿದ್ದುದು ಶಾಲೆಗೆ ಹೋಗುತ್ತಿದ್ದ ನನಗೊಬ್ಬಳಿಗೇ.

ನನಗೆ ಹನ್ನೊಂದು ತುಂಬಿದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನಿಗೆ ಹೆರಿಗೆಯಾಯಿತು. ಗಂಡು ಮಗು. ಹುಟ್ಟುವಾಗಲೇ ಜೀವ ಇರಲಿಲ್ಲ. ಅಮ್ಮ ಜ್ವರ ಬಂದು ನಾಲ್ಕು ದಿನ ಎಚ್ಚರ ತಪ್ಪಿ ಮಲಗಿದ್ದಳು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಮನೆಗೆ ಬಂದ ಮೇಲೆ ಅವಳು ಆ ವಿಷಯ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ತೊಟ್ಟಿಲು ತರಲೆಂದು ಖಾಲಿ ಮಾಡಿಟ್ಟಿದ್ದ ಮೂಲೆ ಹಾಗೇ ಉಳಿಯಿತು. ಅಲ್ಲಿ ಯಾರೂ ಏನನ್ನೂ ಇಡಲಿಲ್ಲ. ನಾನು ಆ ಮೂಲೆಗೆ ಬೆನ್ನು ಹಾಕಿ ಓದಲು ಕೂರುತ್ತಿರಲಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಅಪ್ಪ, “ತಿರುವನಂತಪುರಕ್ಕೆ ಹೋಗಿಬರೋಣ್ವೇನೆ?” ಎಂದರು. ಅಮ್ಮ “ಹೂಂ” ಎಂದಳು, ಅಷ್ಟೆ.

ಕೋಟ್ಟಯಂ ದಾರಿ ಹಿಡಿದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಚೆಂಗನ್ನೂರು ದಾಟಿದೆವು. ರಸ್ತೆಯ ಪಕ್ಕದಲ್ಲೇ ಕೆಂಪು ಮಣ್ಣಿನ ಒಂದು ತುಂಡು ಜಾಗ ಕಂಡಿತು. ಬೇಲಿ ಇಲ್ಲ. ಹುಲ್ಲು ಕೂಡ ಇಲ್ಲದೆ ಗುಡಿಸಿದ ಹಾಗಿತ್ತು. ನಡುವೆ ನನ್ನೆತ್ತರದ ಒಂದು ತೆಂಗಿನ ಸಸಿ. ಎದುರಿನ ಚಹಾ ಅಂಗಡಿಯವನನ್ನು ಕೇಳಿದರೆ, “ಕುಳಪ್ಪಮಿಲ್ಲ”, ತೊಂದರೆಯಿಲ್ಲ, ಎಂದು ಇತ್ತ ನೋಡದೆಯೇ ಕೈಯಾಡಿಸಿದ. ಅಪ್ಪ ಡೇರೆ ಎಬ್ಬಿಸಿದರು. ಒಂದು ಕಡೆ ಗೂಟ ನಿಲ್ಲಲಿಲ್ಲವೆಂದು ಆ ಹಗ್ಗವನ್ನು ತೆಂಗಿನ ಸಸಿಗೆ ಬಿಗಿದರು.

ಸೂರ್ಯ ಮುಳುಗುತ್ತಿದ್ದ. ಕೆಳಗಿನ ಹೆಂಚಿನ ಮನೆಯಿಂದ ಒಬ್ಬ ಮುದುಕಿ, ಗಾಳಿಗೆ ಅಂಗೈ ಮರೆಮಾಡಿ, ದೀಪ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಡೇರೆ ಕಂಡು ನಿಂತುಬಿಟ್ಟಳು. ಕೂಗಾಡಲಿಲ್ಲ. ದೀಪ ಕೆಳಗಿಟ್ಟು, ಸಸಿಗೆ ಕಟ್ಟಿದ್ದ ಹಗ್ಗ ಬಿಚ್ಚಲು ಕೂತಳು. ಗಂಟು ಬಿಗಿಯಾಗಿತ್ತು.

ಅಮ್ಮ ಸ್ಟವ್ ಬಿಟ್ಟು ಎದ್ದಳು. “ಏನಂತೆ ಕೇಳು.”

ನಾನು ಕೇಳಿದೆ. ಮುದುಕಿ ನನ್ನನ್ನು ಬಹಳ ಹೊತ್ತು ನೋಡಿ, “ಮಗಳೇ, ನೋವಾಗುತ್ತೆ ಅವಳಿಗೆ” ಎಂದಳು. ಮಲಯಾಳದಲ್ಲಿ ಹೇಳಿದ ಆ ಮಾತು ನನಗೆ ಕೂಡಲೇ ಅರ್ಥವಾಯಿತು. ಆದರೆ ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ.

“ಯಾರಿಗೆ?” ಎಂದೆ.

ಆ ಕಡೆಯವರು ಸತ್ತವರನ್ನು ತಮ್ಮ ಹಿತ್ತಲ ತೆಂಕಣ ಮೂಲೆಯಲ್ಲೇ ಸುಡುತ್ತಾರೆ. ಸುಟ್ಟಲ್ಲಿ ಒಂದು ತೆಂಗು ನೆಡುತ್ತಾರೆ. ನಾವು ಡೇರೆ ಹಾಕಿದ್ದು ಅವಳ ಮಗಳ ಮೇಲೆ. ತಡವಾಗಿ ಹುಟ್ಟಿದ ಒಬ್ಬಳೇ ಮಗಳಂತೆ, ಸಾಯುವಾಗ ಹನ್ನೆರಡು ವರ್ಷವಂತೆ. ಹೋದ ಮಳೆಗಾಲದಲ್ಲಿ ಬೇಲಿ ಬಿದ್ದಿತ್ತಂತೆ. ಎಲ್ಲವನ್ನೂ ಒಂದೊಂದೇ ಮಾತಾಗಿ ಅಮ್ಮನಿಗೆ ಹೇಳಿದೆ. ಹೇಳುತ್ತಾ ನನ್ನ ಕಾಲ ಕೆಳಗಿನ ನೆಲ ಬೆಚ್ಚಗಿದೆ ಅನ್ನಿಸಿತು. ಹಗಲ ಬಿಸಿಲಿನ ಕಾವು ಇರಬಹುದು. ಆಗ ಹಾಗೆ ಅನ್ನಿಸಲಿಲ್ಲ.

ಅಪ್ಪ ಗಾಬರಿಯಾಗಿ ಗೂಟ ಕೀಳತೊಡಗಿದರು. ಅಮ್ಮ ಮುದುಕಿಯ ಪಕ್ಕ ಕೂತು ಹಲ್ಲಿನಿಂದ ಆ ಗಂಟು ಬಿಡಿಸಿದಳು. ಹಗ್ಗ ಒತ್ತಿದ ಕಡೆ ಸಸಿಯನ್ನು ಸೆರಗಿನಿಂದ ಒರೆಸಿದಳು. ಮುದುಕಿ ಮನೆಯಿಂದ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟು, “ನೀನು ಹಾಕು, ಒಂದೇ ವಯಸ್ಸಿನವರು” ಎಂದಳು. ನಾನು ಹಾಕಿದೆ. ನೀರು ಇಂಗುವ ಸದ್ದು ಕೇಳಿಸಿತು.

ಆಗ ಅಮ್ಮ ತಲೆಯೆತ್ತದೆ ಕೇಳಿದಳು: “ರೀ, ನಮ್ಮದನ್ನ ಎಲ್ಲಿಟ್ಟಿದ್ದೀರಿ?”

ಅಪ್ಪನ ಕೈಯಲ್ಲಿ ಗೂಟಗಳಿದ್ದವು. “ವೈಟ್ಟಿಲದಾಚೆ... ನೀರಿನ ದಂಡೇಲಿ ಒಂದು ಬಯಲಿದೆ” ಎಂದರು.

“ಗುರುತು ಏನಿಟ್ಟಿದ್ದೀರಿ?”

ಅವರು ಗೂಟಗಳನ್ನು ಕೆಳಗಿಟ್ಟರು.

“ಊರಿನ ನೆಲಕ್ಕೆಲ್ಲ ಕಲ್ಲು ನೆಡೋರು ನೀವು” ಎಂದಳು ಅಮ್ಮ. ದನಿ ಏರಲಿಲ್ಲ. ಮೂರು ತಿಂಗಳಲ್ಲಿ ಅವಳು ಅವರೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ.

ಮುದುಕಿ ನಮ್ಮನ್ನು ಓಡಿಸಲಿಲ್ಲ. ತನ್ನ ಅಂಗಳದಲ್ಲೇ ಡೇರೆ ಹಾಕಿಸಿ ಗಂಜಿ ಕೊಟ್ಟಳು. ಬೆಳಗಿನ ಜಾವ ನನಗೆ ಎಚ್ಚರವಾದಾಗ ಅಮ್ಮ ಚಾಪೆಯಾಚೆ ಕೈ ಚಾಚಿ, ಮಗುವಿನ ಬೆನ್ನು ತಟ್ಟುವ ಹಾಗೆ ನೆಲವನ್ನು ಮೆಲ್ಲಗೆ ತಟ್ಟುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ.

ತಿರುವನಂತಪುರಕ್ಕೆ ಹೋಗಲಿಲ್ಲ. ಜೀಪು ವಾಪಸು ತಿರುಗಿತು. ಕೊಚ್ಚಿಯ ಅಂಚಿನ ವೈಟ್ಟಿಲ ಆಗ ಗದ್ದೆ, ನೀರು, ನಾಲ್ಕು ಅಂಗಡಿ, ಅಷ್ಟೇ. ಬಯಲಿನಲ್ಲಿ ಮೊಣಕಾಲೆತ್ತರ ಜೊಂಡು ಬೆಳೆದಿತ್ತು. ಅಪ್ಪ ಅತ್ತ ನಡೆದರು, ಇತ್ತ ನಡೆದರು. ಮೊದಲು ಒಂದು ಮುಳ್ಳುಗಿಡದ ಹತ್ತಿರ ನಿಂತರು. ಆಮೇಲೆ ಹತ್ತು ಹೆಜ್ಜೆ ಸರಿದು, “ಇಲ್ಲೇ” ಎಂದರು. ಅಮ್ಮ ಅಲ್ಲಿ ಕೂತಳು. ಹಾಲು ತಂದಿದ್ದಳು, ಹೊಯ್ದಳು. ಮೊದಲ ಸಲ ಅತ್ತಳು. ಅಪ್ಪ ಅವಳ ಹಿಂದೆ ನಿಂತು, ಟೋಪಿ ಕೈಯಲ್ಲಿ ಹಿಡಿದು, ನೀರಿನ ಕಡೆಗೇ ನೋಡುತ್ತಿದ್ದರು.

ಅಂದಿನಿಂದ ಮನೆ ಸ್ವಲ್ಪ ಸ್ವಲ್ಪವಾಗಿ ಸರಿಹೋಯಿತು. ಅಮ್ಮ ಮಾತಾಡತೊಡಗಿದಳು. ಮೂಲೆಯಲ್ಲಿ ಹೊಲಿಗೆ ಮಿಷನ್ ಬಂದು ಕೂತಿತು. ವರ್ಷಕ್ಕೊಮ್ಮೆ ಆ ಬಯಲಿಗೆ ಹೋಗಿಬರುತ್ತಿದ್ದಳು. ಅಪ್ಪ ಮಾತ್ರ ಮತ್ತೆ ಡೇರೆ ಬಿಚ್ಚಲಿಲ್ಲ. ಜೀಪನ್ನೂ ಕೊಟ್ಟುಬಿಟ್ಟರು.

ಎಪ್ಪತ್ತರ ದಶಕದ ನಡುವೆ ಅಪ್ಪನಿಗೆ ತಿರುವನಂತಪುರಕ್ಕೇ ವರ್ಗವಾಯಿತು. ನಾನು ಕಾಲೇಜಿನಲ್ಲಿದ್ದೆ. ಒಂದು ಮಧ್ಯಾಹ್ನ, ಅಮ್ಮ ಅಂಗಡಿಗೆ ಹೋಗಿದ್ದಾಗ, ಜಗುಲಿಯಲ್ಲಿ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ, “ಆ ದಿನ ನಾನು ಹೋಗಲಿಲ್ಲ ಕಣಮ್ಮ” ಎಂದರು.

“ಯಾವ ದಿನ?”

“ಆಸ್ಪತ್ರೇಲಿ. ಮಗೂನ ಅಲ್ಲಿನ ಕೆಲಸದವನ ಕೈಗೆ ಕೊಟ್ಟೆ. ಬಟ್ಟೆ ಸುತ್ತಿತ್ತು. ಮುಖ ನೋಡೋಕೆ ಧೈರ್ಯ ಬರಲಿಲ್ಲ. ಎಲ್ಲಿಗೆ ತಗೊಂಡು ಹೋದ ಅಂತ ಕೇಳಲೂ ಇಲ್ಲ. ಆಮೇಲೆ ಹುಡುಕಿದರೆ ಅವನು ಕೆಲಸ ಬಿಟ್ಟಿದ್ದ.”

“ಮತ್ತೆ ವೈಟ್ಟಿಲ?”

“ನಿಮ್ಮಮ್ಮ ಕೇಳಿದಳಲ್ಲ. ಬಾಯಿಗೆ ಬಂದದ್ದು ಅದು. ಸರ್ವೆ ಮಾಡಿದ್ದ ಜಾಗ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕತ್ತು ಬಗ್ಗಿಸಿ ಕೂತಿದ್ದ ಅವರನ್ನು ನೋಡುತ್ತಿದ್ದೆ. ಎಲ್ಲಿದ್ದಾನೋ ತಿಳಿಯದ ಆ ತಮ್ಮ ಅಂದಿನಿಂದ ನನಗೆ ಎಲ್ಲೆಂದರಲ್ಲಿ ಇದ್ದ. ಅಗೆದು ಬಿಟ್ಟ ರಸ್ತೆಯಲ್ಲಿ, ಪಾಯ ತೆಗೆದ ಮಣ್ಣಿನ ರಾಶಿಯಲ್ಲಿ. ಹಸಿ ಮಣ್ಣು ಕಂಡರೆ ಸುತ್ತಿಕೊಂಡು ಹೋಗುತ್ತಿದ್ದೆ.

ಆ ವರ್ಷ ಅಮ್ಮನ ಜೊತೆ ಕೊಚ್ಚಿಗೆ ನಾನೇ ಹೋದೆ. ಬಸ್ಸು ಇಳಿದು ನಡೆದೆವು. ಬಯಲಿನ ಅರ್ಧಕ್ಕೆ ಲಾರಿಗಳಲ್ಲಿ ಮಣ್ಣು ತಂದು ತುಂಬಿದ್ದರು. ಮುಳ್ಳುಗಿಡ ಇರಲಿಲ್ಲ. ಅಮ್ಮ ಎಲ್ಲೂ ತಡೆಯದೆ ನೇರವಾಗಿ ನಡೆದು, ಹಳೆಯ ಜಾಗದಿಂದ ಬಹು ದೂರದಲ್ಲಿ, ಒಣಗಿದ ಒಂದು ಕಡೆ ಕೂತಳು.

“ಇಲ್ಲೇ ಅಲ್ವಾ?” ಎಂದಳು.

“ಹೂಂ, ಇಲ್ಲೇ” ಎಂದೆ.

ನನ್ನ ಮುಖ ನೋಡಿದಳು. “ನಿಮ್ಮಪ್ಪ ನಿನಗೆ ಹೇಳಿದ್ರಾ?”

ಅವಳು ಉತ್ತರಕ್ಕೆ ಕಾಯದೆ ಹಾಲಿನ ಮುಚ್ಚಳ ತೆರೆದು ಹೊಯ್ದಳು. ಸೀರೆಗೆ ಹತ್ತಿದ ಮಣ್ಣು ಕೊಡವಿ ಎದ್ದಳು. “ಅವರಿಗೆ ಹೇಳಬೇಡ, ನನಗೆ ಗೊತ್ತು ಅಂತ” ಎಂದಳು.

ಅಪ್ಪ ಬದುಕಿರುವವರೆಗೂ ನಾನು ಹೇಳಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಲೂ ಇಲ್ಲ.